ಮೊದಲ ರಾತ್ರಿಪಾಳಿ

ಪದವಿಪತ್ರವನ್ನು ಪಡೆದು ಬಿಳಿಯ ಸಮವಸ್ತ್ರ ತೊಟ್ಟು ಬಂದ ದಾದಿಗೆ ಎಲ್ಲವೂ ತಿಳಿದಿದೆಯೆಂದು ರೋಗಿ ನಂಬುತ್ತಾನೆ, ಅವನು ನಂಬಲೇಬೇಕು. ಆದರೆ ಆ ಮೊದಲ ದಿನಗಳಲ್ಲಿ ಅವಳ ಎದೆಯೊಳಗೆ ಏನು ನಡೆದಿರುತ್ತದೆಂಬುದನ್ನು ಬಲ್ಲವರು ಕಡಿಮೆ. ಅದನ್ನೇ ಈ ಹೊತ್ತು ನಾಲ್ಕು ಮಾತುಗಳಲ್ಲಿ ಹೇಳಬಯಸುತ್ತೇನೆ.

ನಾನು ಬಿ.ಎಸ್ಸಿ. ನರ್ಸಿಂಗ್ ಓದಿದ್ದು ನಾಲ್ಕು ವರ್ಷ. ಬೆಳಿಗ್ಗೆ ವಾರ್ಡು, ಮಧ್ಯಾಹ್ನ ತರಗತಿ, ರಾತ್ರಿ ನಿದ್ದೆಗೆಟ್ಟು ಬರವಣಿಗೆ. ಓದಿನ ಭಾರಕ್ಕಿಂತ ಭಯದ ಭಾರ ಹೆಚ್ಚು. ಹಾಸಿಗೆಯ ಹೊದಿಕೆಯ ಮಡಿಕೆ ಓರೆಯಾದರೆ ಎಲ್ಲರೆದುರು ಗದರಿಕೆ. ಮೌಖಿಕ ಪರೀಕ್ಷೆಯಲ್ಲಿ ತಡವರಿಸಿದರೆ ನಗೆಪಾಟಲು. "ಇಷ್ಟೂ ಗೊತ್ತಿಲ್ಲವೇ?" ಎಂಬ ಮಾತಿಗೆ ಹೆದರಿ, ಗೊತ್ತಿಲ್ಲದ್ದನ್ನು ಮುಚ್ಚಿಡುವ ವಿದ್ಯೆಯನ್ನೂ ನಾವು ಕಲಿತುಬಿಟ್ಟೆವು.

2011ರಲ್ಲಿ ಪೀಣ್ಯದ ಒಂದು ಆಸ್ಪತ್ರೆಗೆ ಸೇರಿದೆ. ಲೇತು, ಪ್ರೆಸ್ಸು, ಸಿದ್ಧ ಉಡುಪಿನ ಕಾರ್ಖಾನೆಗಳ ನಡುವಿನ ಆಸ್ಪತ್ರೆ. ಜಜ್ಜಿದ ಬೆರಳು, ಕಣ್ಣಿಗೆ ಸಿಡಿದ ಕಬ್ಬಿಣದ ಚೂರು, ಬೇಸಗೆ ಬಂತೆಂದರೆ ವಾಂತಿಭೇದಿ. ಒಬ್ಬ ರೋಗಿಯದು ರಾಯಚೂರಿನ ಕನ್ನಡ, ಪಕ್ಕದವನದು ಒಡಿಯಾ.

ಅಂದು ನನ್ನ ಮೊದಲ ರಾತ್ರಿಪಾಳಿ. ಎರಡು ದಿನಗಳ ವಾಂತಿಭೇದಿಯಿಂದ ನಿತ್ರಾಣನಾಗಿದ್ದ ಯುವಕನೊಬ್ಬನ ರಕ್ತದಲ್ಲಿ ಪೊಟ್ಯಾಸಿಯಂ ತೀರ ಇಳಿದಿತ್ತು. "ಪೊಟ್ಯಾಸಿಯಂ ಕೊಡಿ" ಎಂದಷ್ಟೇ ಹೇಳಿ ವೈದ್ಯರು ಮತ್ತೊಬ್ಬ ರೋಗಿಯತ್ತ ಧಾವಿಸಿದರು. ನಾನು ಪೊಟ್ಯಾಸಿಯಂ ಕ್ಲೋರೈಡಿನ ಆಂಪ್ಯೂಲನ್ನು ಒಡೆದು ಸಿರಿಂಜಿಗೆ ಎಳೆದುಕೊಂಡೆ. ಹತ್ತು ಮಿಲಿಲೀಟರ್, ನೋಡಲು ಶುದ್ಧ ನೀರು. ಅದನ್ನು ಸಲೈನಿನಲ್ಲಿ ಬೆರೆಸಿ ಬಹಳ ನಿಧಾನವಾಗಿ ಹರಿಸಬೇಕು. ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯವೇ ನಿಂತುಹೋದೀತು. ಪರೀಕ್ಷೆಯಲ್ಲಿ ಇದನ್ನೇ ಬರೆದು ಅಂಕ ಪಡೆದವಳು ನಾನು. ಆದರೆ ನಡುರಾತ್ರಿಯ ಎರಡು ಗಂಟೆಗೆ, ನಾಲ್ಕು ಕಡೆಯಿಂದ ಕರೆ ಬರುತ್ತಿರುವಾಗ, ಬರೆದದ್ದೊಂದೂ ನೆನಪಿಗೆ ಬರಲಿಲ್ಲ. ಎಲ್ಲೋ ಒಂದು ಅಳುಕು ಮಾತ್ರ ಉಳಿದಿತ್ತು. ಕೇಳಿದರೆ ದಡ್ಡಿ ಎನಿಸಿಕೊಂಡೇನೆಂಬ ನಾಚಿಕೆ. ಹಾಸಿಗೆಯ ಬಳಿಗೆ ನಡೆದೇಬಿಟ್ಟೆ.

ಯುವಕ ಕಣ್ಣು ತೆರೆದು, "ಅಕ್ಕಾರ, ಇದರಿಂದ ಕಡಿಮಿ ಆಗ್ತೈತೇನ್ರಿ?" ಎಂದ.

ನನ್ನ ಕೈ ತಡೆಯಿತು. ಹಿಂದಿರುಗಿ ಹೋಗಿ ಹಿರಿಯ ದಾದಿಯನ್ನು, "ಇದನ್ನು ಹೇಗೆ ಕೊಡಬೇಕು ಸಿಸ್ಟರ್? ನನಗೆ ತಿಳಿಯುತ್ತಿಲ್ಲ" ಎಂದು ಕೇಳಿದೆ.

ಅವರು ಗದರಲಿಲ್ಲ. ಸಿರಿಂಜನ್ನು ಮೆಲ್ಲನೆ ನನ್ನ ಕೈಯಿಂದ ತೆಗೆದುಕೊಂಡರು. ಪ್ರಮಾಣವನ್ನೂ ವೇಗವನ್ನೂ ವೈದ್ಯರಿಂದ ಬರೆಸಿಕೊಂಡು ಬಂದು, ಔಷಧವನ್ನು ಸಲೈನಿಗೆ ಸೇರಿಸಿ, ಬಾಟಲಿಯನ್ನು ಮತ್ತೆ ಮತ್ತೆ ತಲೆಕೆಳಗು ಮಾಡಿ ಬೆರೆಸಿ, ಚೀಟಿ ಅಂಟಿಸಿದರು. ಕೊನೆಗೆ, "ಕೇಳಿದೆಯಲ್ಲಮ್ಮ, ಒಳ್ಳೆಯದಾಯಿತು" ಎಂದರು. ನಾನು ಸಾಮಾನು ಕೋಣೆಗೆ ಹೋಗಿ ಅತ್ತೆ. ಬೆಳಿಗ್ಗೆ ಆ ಯುವಕ ಎದ್ದು ಕುಳಿತು ಗಂಜಿ ಕುಡಿಯುತ್ತಿದ್ದ.

ಶಾಲೆಯ ಆದರ್ಶಕ್ಕೂ ವಾರ್ಡಿನ ವಾಸ್ತವಕ್ಕೂ ನಡುವೆ ಹೊಸ ದಾದಿಯರು ಅನುಭವಿಸುವ ಆಘಾತವನ್ನು ಕುರಿತು ಅಮೆರಿಕದ ಮಾರ್ಲಿನ್ ಕ್ರೇಮರ್ ಎಂಬವರು 1974ರಲ್ಲಿಯೇ ಪುಸ್ತಕ ಬರೆದರು. ಹೊಸಬಳು ನಿಪುಣೆಯಾಗುವ ಮುನ್ನ ಹಲವು ಮೆಟ್ಟಿಲುಗಳನ್ನು ಹತ್ತಬೇಕೆಂದು ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ವಿವರಿಸಿದರು. ಅಂದ ಮೇಲೆ ನನ್ನ ಅಳುಕು ನನ್ನೊಬ್ಬಳ ದೌರ್ಬಲ್ಯವಾಗಿರಲಿಲ್ಲ.

ಇಂದು ಅನೇಕ ಆಸ್ಪತ್ರೆಗಳಲ್ಲಿ ಈ ಔಷಧವನ್ನು ಪ್ರತ್ಯೇಕವಾಗಿ ಬೀಗದಲ್ಲಿಡುತ್ತಾರೆ. ಇಬ್ಬರು ನೋಡಿದ ಮೇಲೆಯೇ ಕೊಡುತ್ತಾರೆ. ಬಹಳ ಒಳ್ಳೆಯ ಏರ್ಪಾಡು. ಆದರೆ ಬೀಗವಿಲ್ಲದ ಔಷಧಗಳು ನೂರಾರಿವೆ. ಅಲ್ಲಿ ರೋಗಿಯನ್ನು ಕಾಯಬೇಕಾದದ್ದು ಹೊಸಬಳ ಪ್ರಶ್ನೆಯೇ. ಈಗ ನನ್ನ ಬಳಿಗೂ ಹೊಸ ಹುಡುಗಿಯರು ಬರುತ್ತಾರೆ. ಕೆಲಸದ ಒತ್ತಡದಲ್ಲಿ "ಇಷ್ಟೂ ಗೊತ್ತಿಲ್ಲವೇ?" ಎಂಬ ಮಾತು ನನ್ನ ನಾಲಗೆಯ ತುದಿಗೂ ಬರುವುದುಂಟು. ಆಗ ಆ ಸಿರಿಂಜನ್ನು ನೆನೆದು ನುಂಗಿಕೊಳ್ಳುತ್ತೇನೆ. ಕಲಿಸುವ ಸ್ಥಾನದಲ್ಲಿರುವ ಎಲ್ಲರಲ್ಲಿಯೂ ನನ್ನ ಬಿನ್ನಹ ಇಷ್ಟೇ: ಕೇಳಲು ಬಂದವಳನ್ನು ಹೆದರಿಸಿ ಹಿಂದಕ್ಕೆ ಕಳುಹಿಸಬೇಡಿ.