ಸೀಟು ಯಾರ ಪಾಲಿಗೆ?

(ದೇವರ ಹಿಪ್ಪರಗಿಯಲ್ಲಿ ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹೋದ ವರ್ಷ ಹಮಾಲ ಬಂಧುವೊಬ್ಬರು ಮಗಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದರು. ಹುಡುಗಿ ಹಳ್ಳಿಯ ಸರಕಾರಿ ಶಾಲೆಯಲ್ಲಿ ಕಲಿತವಳು. ಸಿ.ಇ.ಟಿ.ಯಲ್ಲಿ ಗ್ರಾಮೀಣ ಮೀಸಲಾತಿಯ ಸೀಟು ಬಂದೇ ಬರುತ್ತದೆಂದು ನಂಬಿದ್ದರು. ಕಾಗದ ಬಿಚ್ಚಿ ನೋಡಿದೆವು. ಮೂರನೆಯ ಇಯತ್ತೆಯ ಒಂದು ವರ್ಷ ಅವಳು ಸೊಲ್ಲಾಪುರದ ಮರಾಠಿ ಶಾಲೆಯಲ್ಲಿದ್ದಳು. ಆ ವರ್ಷ ಮಳೆ ಕೈಕೊಟ್ಟು ತಂದೆತಾಯಿ ಗುಳೆ ಹೋಗಿದ್ದರು. ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ನಮ್ಮ ರಾಜ್ಯದ ಗ್ರಾಮೀಣ ಶಾಲೆಯಲ್ಲೇ ಕಲಿತಿರಬೇಕೆಂಬುದು ನಿಯಮ. ಒಂಬತ್ತು ವರ್ಷ ಸಾಲದು. ಕನ್ನಡ ಮಾಧ್ಯಮದ ಮೀಸಲಾತಿಗೂ ಅದೇ ಕಟ್ಟಳೆ. ಎರಡೂ ಒಂದೇ ಏಟಿಗೆ ಹೋದವು. ಮಾಸ್ತರಿಕೆ ಮಾಡಿದ ನಮಗೂ ಆ ಹೊತ್ತು ಅವಳಿಗೆ ಹೇಳಲು ಮಾತು ಹೊಳೆಯಲಿಲ್ಲ.

ಆರಿಸಿ ತೆಗೆದುಕೊಳ್ಳುವ ಕಾಲೇಜಿನ ಬಾಗಿಲಲ್ಲಿ ಯಾರು ಮುಂದೆ ನಿಲ್ಲುತ್ತಾರೆ ಎಂಬ ಜಗಳ ಹಳೆಯದು. 1963ರಲ್ಲಿ ಮೈಸೂರು ಸರಕಾರ ಇಂಜಿನಿಯರಿಂಗ್, ವೈದ್ಯಕೀಯ ಪ್ರವೇಶಕ್ಕೆ ಪರೀಕ್ಷೆಯ ಅಂಕಗಳ ಜೊತೆಗೆ ಸಂದರ್ಶನದ ಅಂಕಗಳನ್ನೂ ಇಟ್ಟಿತ್ತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್.ಸಿ.ಸಿ., ಆಟ, ಚರ್ಚಾಕೂಟ, ನಾಟಕ, ಇವೆಲ್ಲ ಅಲ್ಲಿ ತೂಕಕ್ಕೆ ಬರುತ್ತಿದ್ದವು. ಹತ್ತಿ ಗಿರಣಿಯಲ್ಲಿ ಅಪ್ಪನ ಜೊತೆ ಚೀಲ ಹೊತ್ತ ಹುಡುಗನ ಬೆನ್ನಿಗೆ ಯಾವ ಅಂಕ? ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಚಿತ್ರಲೇಖಾ ಮೊಕದ್ದಮೆ ಎಂದು ಅದಕ್ಕೆ ಹೆಸರು. ಸಂದರ್ಶನವಿಡುವುದೇ ಕಾನೂನಿಗೆ ವಿರುದ್ಧವಲ್ಲವೆಂದು 1964ರಲ್ಲಿ ತೀರ್ಪಾಯಿತು.

ಆಮೇಲೆ ಬಂದದ್ದು ಕ್ಯಾಪಿಟೇಶನ್. ಅದನ್ನು ತಡೆಯಲು 1984ರಲ್ಲಿ ಕರ್ನಾಟಕದಲ್ಲಿ ಕಾಯದೆಯಾಯಿತು. ಆದರೂ 1992ರ ಮೋಹಿನಿ ಜೈನ್ ಮೊಕದ್ದಮೆ ಬಂದಾಗ ವೈದ್ಯಕೀಯದಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಇದ್ದರೆ ಹೊರರಾಜ್ಯದವರಿಗೆ 60,000 ಇತ್ತು. ಈಗ ದುಡ್ಡು ಬೇರೆ ದಾರಿಯಿಂದ ಒಳಗೆ ಬರುತ್ತದೆ. ವೈದ್ಯಕೀಯಕ್ಕೆ ನೀಟ್ ಒಂದೇ ಪರೀಕ್ಷೆ, ಒಂದೇ ದಿನ, 720 ಅಂಕ. ಎರಡು ವರ್ಷ ಊರು ಬಿಡಿಸಿ ಕೋಚಿಂಗಿಗೆ ಇಡಬಲ್ಲವರ ಮಕ್ಕಳು ಆ ದಿನಕ್ಕಾಗಿಯೇ ತಯಾರಾಗುತ್ತಾರೆ. ಇಂಜಿನಿಯರಿಂಗಿಗೆ ಸಿ.ಇ.ಟಿ.ಯಲ್ಲಿ ಅರ್ಧ, ಪಿ.ಯು. ಅಂಕಗಳಲ್ಲಿ ಅರ್ಧ. ಇದು ಬಡವರ ಮಕ್ಕಳಿಗೆ ಕೊಂಚ ಮೇಲು. ಕಾಲೇಜಿನ ಪಾಠವನ್ನು ಕಡೆಗಣಿಸಬೇಡಿರೆಂದು ಹುಡುಗರಿಗೆ ಹೇಳಿರಿ.

ನಮ್ಮ ಮಕ್ಕಳ ಕೈಯಲ್ಲಿ ದುಡ್ಡಿಲ್ಲ, ಕಾಗದವಿದೆ. ಗ್ರಾಮೀಣಕ್ಕೆ ನೂರಕ್ಕೆ 15, ಕನ್ನಡ ಮಾಧ್ಯಮಕ್ಕೆ ನೂರಕ್ಕೆ 5. ಭೀಮೆಯ ಆಚೆ ದಡ ಅಫಜಲಪುರ ತಾಲೂಕು. ಅಲ್ಲಿಯವರಿಗೆ 371ಜೆ ಉಂಟು. ಅವರ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70, ಉಳಿದ ಕಡೆ 8. ನಾವು ಮುಂಬಯಿ ಪ್ರಾಂತದಿಂದ ಬಂದವರು, ಅವರು ನಿಜಾಮನ ಸೀಮೆಯಿಂದ ಬಂದವರು. ಮಳೆ ಎರಡೂ ದಡಕ್ಕೆ ಅಷ್ಟಕ್ಕಷ್ಟೇ. ಅವರು ಹೋರಾಡಿ ಪಡೆದದ್ದಕ್ಕೆ ನಾವು ಹೊಟ್ಟೆಯುರಿ ಪಡಬೇಕಾಗಿಲ್ಲ. ಆದರೆ ನಮಗಿರುವ ಇಷ್ಟನ್ನೂ ಕಳೆದುಕೊಳ್ಳುತ್ತಿದ್ದೇವೆ.

ನಮ್ಮ ಊರಿನದೇ ನೋಡಿರಿ. ಹಿಪ್ಪರಗಿ ಈಗ ಪಟ್ಟಣ ಪಂಚಾಯಿತಿ. ತಾಲೂಕಾಯಿತು, ಪಟ್ಟಣವಾಯಿತು ಎಂದು ಎಲ್ಲರೂ ಸಂತೋಷಪಟ್ಟೆವು, ನಾವೂ ಪಟ್ಟೆವು. ಆದರೆ ಗ್ರಾಮೀಣ ಎಂಬುದರ ಲೆಕ್ಕದಲ್ಲಿ ನಗರ ಪ್ರದೇಶವೂ ಸೇರುವುದಿಲ್ಲ, ಪರಿವರ್ತನಾ ಪ್ರದೇಶವೂ ಸೇರುವುದಿಲ್ಲ. ಪಟ್ಟಣ ಪಂಚಾಯಿತಿಯೆಂದರೆ ಆ ಪರಿವರ್ತನಾ ಪ್ರದೇಶವೇ. ಓಣಿಯಲ್ಲಿ ಚರಂಡಿ ಅದೇ, ಶಾಲೆ ಅದೇ, ಮಾಸ್ತರರ ಕೊರತೆಯೂ ಅದೇ. ಬದಲಾದದ್ದು ಬೋರ್ಡು. ನಿಮ್ಮ ಮಗು ಯಾವ ವರ್ಷ ಯಾವ ಶಾಲೆಯಲ್ಲಿತ್ತು, ಆಗ ಊರು ಯಾವ ದರ್ಜೆಯಲ್ಲಿತ್ತು ಎಂಬುದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಈಗಲೇ ಕೇಳಿ ಬರೆಸಿಕೊಳ್ಳಿರಿ. ಆ ಸರ್ಟಿಫಿಕೇಟಿಗೆ ಅವರ ಮೇಲುಸಹಿ ಬೇಕು.

ಅಂಗಡಿಕಾರ ಮಿತ್ರರಿಗೊಂದು ಮಾತು. ಜಾತಿ-ಆದಾಯದ ಪತ್ರವನ್ನು ಅರ್ಜಿಯ ದಿನ ಹುಡುಕಬಾರದು. ಅರ್ಜಿಯಲ್ಲಿ ಮೀಸಲಾತಿ ಕೇಳದಿದ್ದರೆ ಆಮೇಲೆ ಅತ್ತರೂ ಬಾರದು. ಇನ್ನು ಕಾಲೇಜುಗಳ ಪಟ್ಟಿ ತುಂಬುವಾಗ ನಿಮಗೆ ಬೇಕಾದದ್ದನ್ನು ಮೊದಲು ಬರೆಯಬೇಕು. ಕಂಪ್ಯೂಟರ್ ಅಂಗಡಿಯ ಹುಡುಗ ತನಗೆ ತಿಳಿದಂತೆ ಒತ್ತಿದ್ದರಿಂದ ದೂರದ ಕಾಲೇಜಿಗೆ ಬಿದ್ದವರನ್ನು ಕಂಡಿದ್ದೇವೆ.

ಸರಕಾರಕ್ಕೆ ನಮ್ಮ ಬೇಡಿಕೆ ಎರಡು. ದುಡಿಯಲು ಗುಳೆ ಹೋದವರ ಮಕ್ಕಳಿಗೆ ಆ ವರ್ಷಗಳನ್ನು ಮನ್ನಿಸಬೇಕು. ಹೆಸರಿಗಷ್ಟೇ ಪಟ್ಟಣವಾದ ಊರುಗಳ ಸರಕಾರಿ ಶಾಲೆಗಳನ್ನು ಗ್ರಾಮೀಣವೆಂದೇ ಎಣಿಸಬೇಕು. ಮನವಿ ಬರೆದಿದ್ದೇವೆ, ಸಭೆ ಮುಗಿದ ಮೇಲೆ ಸಹಿ ಹಾಕಿ ಹೋಗಿರಿ, ಹೆಬ್ಬೆಟ್ಟಾದರೂ ನಡೆಯುತ್ತದೆ. ಮುಂದಿನ ರವಿವಾರ ಬೆಳಿಗ್ಗೆಯಿಂದ ಇಲ್ಲಿಯೇ ಕೂಡುತ್ತೇವೆ. ಎಂಟು, ಒಂಬತ್ತನೆಯ ಇಯತ್ತೆಯ ಮಕ್ಕಳಿದ್ದವರೂ ಶಾಲೆಯ ದಾಖಲೆ, ವರ್ಗಾವಣೆ ಪತ್ರ ಎಲ್ಲ ತರಬೇಕು. ಸೊಲ್ಲಾಪುರ, ಗೋವೆಗೆ ಹೋಗಿ ಬಂದವರು ಮೊದಲು ಬನ್ನಿರಿ.