ನಾಲ್ಕು ತಾಲ್ಲೂಕು ಕಂಡ 2008



ಇವತ್ತು ಒಂದೇ ಒಂದು ಇಸವಿಯ ಚರಿತ್ರೆ ಹೇಳಬೇಕೆಂದಿದ್ದೇನೆ. ಅದು 2008. ದೇಶದ ಮಟ್ಟಿಗೆ ಅದು ಭಾರಿ ವರ್ಷ. ರೈತರ ಸಾಲ ಮನ್ನಾ ಆದದ್ದು ಆಗ. ಅಣು ಒಪ್ಪಂದದ ಜಗಳದಲ್ಲಿ ಮನಮೋಹನ್ ಸಿಂಗ್ ಸರ್ಕಾರ ಜುಲೈ 22ರಂದು ಲೋಕಸಭೆಯಲ್ಲಿ ವಿಶ್ವಾಸಮತ ಕೇಳಿ 275–256ರಲ್ಲಿ ಉಳಿದುಕೊಂಡದ್ದು ಆಗ. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, ಚಂದ್ರಯಾನ ಹೊರಟದ್ದು, ಮುಂಬೈ ಮೂರು ದಿನ ಉರಿದದ್ದು ಎಲ್ಲವೂ ಅದೇ ಹನ್ನೆರಡು ತಿಂಗಳಲ್ಲಿ. ಇವನ್ನು ದೆಹಲಿಯ ಕಡೆಯಿಂದ ನೋಡಿದವರು ಬಹಳ ಮಂದಿ. ನಾನು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆಯಿಂದ ನೋಡುತ್ತೇನೆ. ಆ ವರ್ಷದ ದೊಡ್ಡ ಸುದ್ದಿಗಳಲ್ಲಿ ಕೆಲವು ಈ ಊರುಗಳಿಗೆ ಟೀವಿಯಲ್ಲಿ ಬಂದವು, ಕೆಲವು ಹೊಲಕ್ಕೇ ಬಂದವು. ಹೊಲಕ್ಕೆ ಬಂದವುಗಳ ಮಾತು ಹೆಚ್ಚು ಆಡುತ್ತೇನೆ.

ಮೊದಲು ಜಿಲ್ಲೆಯ ವಿಷಯ. ಬೆಂಗಳೂರು ಗ್ರಾಮಾಂತರ ಜಿಲ್ಲೆ ಹುಟ್ಟಿದ್ದು 1986ರ ಆಗಸ್ಟ್ 15ರಂದು, ಎಂಟು ತಾಲ್ಲೂಕುಗಳೊಂದಿಗೆ. 2007ರ ಆಗಸ್ಟ್‌ನಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ ರಾಮನಗರ ಜಿಲ್ಲೆಯಾಯಿತು. ಉಳಿದದ್ದು ನಾಲ್ಕು. ಹೀಗೆ ಈಗಿನ ಆಕಾರದ ಜಿಲ್ಲೆ ಕಂಡ ಮೊದಲ ಪೂರ್ತಿ ವರ್ಷ 2008. ಆಗಿನ್ನೂ ಜಿಲ್ಲಾಧಿಕಾರಿ ಕಚೇರಿ ಬೆಂಗಳೂರು ನಗರದೊಳಗೇ ಇತ್ತು. ತನ್ನ ಜಿಲ್ಲೆಯ ಕೆಲಸಕ್ಕೆ ದೇವನಹಳ್ಳಿಯವನು ಪಕ್ಕದ ಜಿಲ್ಲೆಗೆ ಬಸ್ಸು ಹತ್ತಬೇಕಿತ್ತು.

ಫೆಬ್ರವರಿ 29ರಂದು ಕೇಂದ್ರದ ಬಜೆಟ್. ಹಣಕಾಸು ಸಚಿವ ಚಿದಂಬರಂ 60,000 ಕೋಟಿ ರೂಪಾಯಿಯ ಕೃಷಿ ಸಾಲ ಮನ್ನಾ ಘೋಷಿಸಿದರು. ಐದು ಎಕರೆಯೊಳಗಿನ ರೈತರಿಗೆ ಸುಸ್ತಿ ಸಾಲವೆಲ್ಲ ಮಾಫಿ, ಅದಕ್ಕೂ ಹೆಚ್ಚು ಜಮೀನಿದ್ದವರು ಮುಕ್ಕಾಲು ಪಾಲು ಕಟ್ಟಿದರೆ ಕಾಲು ಪಾಲು ಮಾಫಿ. ನಮ್ಮ ಕಡೆ ಹಿಡುವಳಿಗಳು ಸಣ್ಣವು, ಆದ್ದರಿಂದ ಸೊಸೈಟಿಗಳ ಮುಂದೆ ಪಹಣಿ ಹಿಡಿದು ನಿಂತವರು ಬಹಳ. ಅದು ನಿಜವಾದ ನೆರವು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಈ ಸೀಮೆಯ ದೊಡ್ಡ ಸಾಲ ಕೊಳವೆಬಾವಿಯ ಸಾಲ. ನದಿ ನೀರಿನ ನಾಲೆ ಇಲ್ಲದ ಊರುಗಳಿವು. ನಂದಿ ಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೇಲೆ ಹಾಯುವ ಅರ್ಕಾವತಿ ಎಂದೋ ಒಣಗಿತ್ತು. ಒಂದು ಬೋರ್ ಫೇಲಾದರೆ ಇನ್ನೊಂದು, ಅದಕ್ಕೆ ಬ್ಯಾಂಕ್ ಕೊಡದಿದ್ದರೆ ಕೈಸಾಲ, ಕೈಸಾಲಕ್ಕೆ ತಿಂಗಳ ಬಡ್ಡಿ. ಆ ಸಾಲವನ್ನು ಯಾವ ಬಜೆಟ್ಟೂ ಮುಟ್ಟಲಿಲ್ಲ. ವಾಯಿದೆಗೆ ಸರಿಯಾಗಿ ಸಾಲ ತೀರಿಸಿದ್ದವನಿಗೂ ಏನೂ ಸಿಗಲಿಲ್ಲ.

ಏಪ್ರಿಲ್ 1ರಂದು ಉದ್ಯೋಗ ಖಾತರಿ ಯೋಜನೆ ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳಿಗೂ ವಿಸ್ತರಿಸಿತು. ಕರ್ನಾಟಕದಲ್ಲಿ ಮೊದಲ ಹಂತದಲ್ಲಿ ಬೀದರ್, ಗುಲ್ಬರ್ಗಾ, ರಾಯಚೂರು, ದಾವಣಗೆರೆ, ಚಿತ್ರದುರ್ಗ ಸೇರಿದ್ದವು. ನಮ್ಮದು ಮೂರನೆಯ ಹಂತ. ಬೆಂಗಳೂರಿನ ಮಗ್ಗುಲಿನ ಜಿಲ್ಲೆಗೆ ಕೂಲಿ ಖಾತರಿ ಏಕೆ ಎಂದು ಕೇಳಿದವರುಂಟು. ಪೀಣ್ಯದ ಕಾರ್ಖಾನೆಗೂ ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೂ ಹರೆಯದವರು ಹೋಗುತ್ತಿದ್ದರು. ಐವತ್ತು ದಾಟಿದ ಹೆಂಗಸನ್ನು ಯಾವ ಕಾರ್ಖಾನೆ ಕರೆಯುತ್ತದೆ? ಊರಲ್ಲೇ ಕೆರೆ ಹೂಳೆತ್ತಿ ಗಂಡಸಿನ ಸಮಕ್ಕೆ ಕೂಲಿ ಎಣಿಸಿಕೊಳ್ಳುವ ಹಕ್ಕು ಕಾಗದದ ಮೇಲಾದರೂ ಆಕೆಗೆ ಆ ದಿನ ಬಂತು.

ಇನ್ನು ಮೇ ತಿಂಗಳು. ಆ ವರ್ಷದ ನಡುಗಂಬ ಅದೇ.

2007ರ ನವೆಂಬರ್‌ನಲ್ಲಿ ಯಡಿಯೂರಪ್ಪನವರ ಏಳು ದಿನಗಳ ಸರ್ಕಾರ ಬಿದ್ದ ಮೇಲೆ ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ನಡೆದಿತ್ತು. ದೇಶದಲ್ಲಿ ಕ್ಷೇತ್ರಗಳ ಹೊಸ ವಿಂಗಡಣೆ ಆದ ಮೇಲೆ ಮೊದಲ ವಿಧಾನಸಭಾ ಚುನಾವಣೆ ನಡೆದದ್ದು ಕರ್ನಾಟಕದಲ್ಲಿ, ಮೇ 10, 16 ಮತ್ತು 22ರಂದು. ನಮ್ಮ ನಾಲ್ಕೂ ತಾಲ್ಲೂಕು ಮತ ಹಾಕಿದ್ದು ಮೊದಲ ದಿನ, ಮೇ 10ರ ಶನಿವಾರ. ರೇಷ್ಮೆ ಸಾಕುವ ಮನೆಗಳಲ್ಲಿ ಮತದಾನದ ದಿನ ಹೇಗಿರುತ್ತದೆಂದು ಕಂಡವರಿಗೇ ಗೊತ್ತು. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದಿದ್ದರೆ ಮನೆ ಬಿಟ್ಟು ಒಟ್ಟಿಗೆ ಹೊರಡುವ ಹಾಗಿಲ್ಲ. ಹಿಪ್ಪುನೇರಳೆ ಸೊಪ್ಪು ಹಾಕಿದಷ್ಟೂ ಸಾಲದು, ಹುಳು ತಿನ್ನುವ ಸರಸರ ಸದ್ದು ನಡುಮನೆಗೆ ಕೇಳುತ್ತದೆ. ಗಂಡ ಹೋಗಿ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದ ಮೇಲೆ ಹೆಂಡತಿ ಕೈ ತೊಳೆದು ಹೊರಡುತ್ತಾಳೆ. ಅತ್ತೆಯವರು ಹೋಗುವುದು ಸಂಜೆಗೆ. ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನವೇ ಚುನಾವಣೆ ಬಂದರೆ ಇನ್ನೂ ಕಷ್ಟ. ಆದರೂ ಈ ಜನ ಮತ ತಪ್ಪಿಸುವವರಲ್ಲ.

ಮೇ 25ರಂದು ಎಣಿಕೆ. ಬಿಜೆಪಿಗೆ 110, ಕಾಂಗ್ರೆಸ್ಸಿಗೆ 80, ಜೆಡಿಎಸ್‌ಗೆ 28, ಪಕ್ಷೇತರರಿಗೆ ಆರು. ಮೇ 30ರಂದು ಯಡಿಯೂರಪ್ಪ ಮುಖ್ಯಮಂತ್ರಿಯಾದರು. ದಕ್ಷಿಣ ಭಾರತದಲ್ಲಿ ಬಿಜೆಪಿ ತನ್ನದೇ ಸರ್ಕಾರ ಕಟ್ಟಿದ್ದು ಅದೇ ಮೊದಲು, ರಾಷ್ಟ್ರದ ಪತ್ರಿಕೆಗಳೆಲ್ಲ ಅದನ್ನು ಮುಖಪುಟದಲ್ಲಿ ಬರೆದವು. ಹೊಸಕೋಟೆಯಿಂದ ಗೆದ್ದ ಬಿ.ಎನ್. ಬಚ್ಚೇಗೌಡರು ಕಾರ್ಮಿಕ ಸಚಿವರಾದರು.

ಅದೇ ವಿಂಗಡಣೆ ಇನ್ನೊಂದು ಕೆಲಸ ಮಾಡಿತು. ಅದರ ಬಗ್ಗೆ ನನಗೆ ಈಗಲೂ ಸಮಾಧಾನವಿಲ್ಲ. ಬೆಂಗಳೂರು ಗ್ರಾಮಾಂತರ ಎಂಬ ಹೆಸರಿನ ಲೋಕಸಭಾ ಕ್ಷೇತ್ರ ರಚನೆಯಾಯಿತು. ಅದರೊಳಗೆ ಕುಣಿಗಲ್ ಇದೆ, ಆನೇಕಲ್ ಇದೆ, ರಾಜರಾಜೇಶ್ವರಿನಗರವಿದೆ, ರಾಮನಗರದ ಕಡೆಯ ಊರುಗಳಿವೆ. ಗ್ರಾಮಾಂತರ ಜಿಲ್ಲೆಯ ಒಂದೇ ಒಂದು ತಾಲ್ಲೂಕು ಇಲ್ಲ. ನಮ್ಮ ನಾಲ್ಕನ್ನೂ ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ ಹಾಕಿದರು, ಬಾಗೇಪಲ್ಲಿ, ಗೌರಿಬಿದನೂರಿನ ಜೊತೆಗೆ. 2009ರಲ್ಲಿ ಅಲ್ಲಿಂದ ಗೆದ್ದವರು ವೀರಪ್ಪ ಮೊಯ್ಲಿ. ನೆಲಮಂಗಲದ ಮತದಾರನಿಗೆ ಬಾಗೇಪಲ್ಲಿಯೊಂದಿಗೆ ವ್ಯವಹಾರವೇನು? ಸಂತೆಯಿಲ್ಲ, ಬೀಗತನ ಕಡಿಮೆ, ನೇರ ಬಸ್ಸೂ ಅಪರೂಪ. ಜನಸಂಖ್ಯೆಯ ಲೆಕ್ಕ ಸರಿಹೋಗಿರಬಹುದು, ಊರುಗಳ ನಂಟನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಎಣಿಕೆಗೆ ಎರಡು ದಿನ ಮುಂಚೆ, ಮೇ 23ರ ನಡುರಾತ್ರಿ ಕಳೆದು 24 ಹುಟ್ಟುವ ಹೊತ್ತಿಗೆ, ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಬೆಂಗಳೂರಿನೊಳಗಿನ ಎಚ್‌ಎಎಲ್ ನಿಲ್ದಾಣದಲ್ಲಿ ಪ್ರಯಾಣಿಕರ ವಿಮಾನಗಳು ನಿಂತವು. ಮಾರ್ಚ್ 30ಕ್ಕೇ ಶುರುವಾಗಬೇಕಿತ್ತು, ಮುಂದಕ್ಕೆ ಹೋಯಿತು. ಮಾರ್ಚ್ ತಿಂಗಳಲ್ಲಿ ಹೈದರಾಬಾದಿನ ಶಂಷಾಬಾದ್ ನಿಲ್ದಾಣ ಆರಂಭವಾಗಿತ್ತು. ಹಳೆಯ ನಿಲ್ದಾಣಗಳನ್ನು ಮುಚ್ಚಬಾರದೆಂದು ನೌಕರರು ದೇಶದಾದ್ಯಂತ ಮುಷ್ಕರ ಹೂಡಿದ್ದರು. ಎಚ್‌ಎಎಲ್ ಉಳಿಸಿ ಎಂದು ಹೈಕೋರ್ಟಿಗೂ ಅರ್ಜಿ ಹೋಗಿತ್ತು. ಸರ್ಕಾರ ಮಾಡಿಕೊಂಡಿದ್ದ ಒಪ್ಪಂದದಲ್ಲಿ ಒಂದು ಷರತ್ತಿತ್ತು: ಸುತ್ತಲಿನ 150 ಕಿಲೋಮೀಟರ್‌ನಲ್ಲಿ ಇಪ್ಪತ್ತೈದು ವರ್ಷ ಇನ್ನೊಂದು ದೊಡ್ಡ ನಿಲ್ದಾಣ ಇರಕೂಡದು. ನಗರದವರ ವಾದವೆಲ್ಲ ದೂರದ ಬಗ್ಗೆ. ಮೂವತ್ತೈದು ಕಿಲೋಮೀಟರ್ ಯಾರು ಹೋಗುತ್ತಾರೆ, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ವಿಮಾನ ತಪ್ಪಿದರೆ ಯಾರು ಹೊಣೆ ಎಂದು.

ಆ ಗದ್ದಲದಲ್ಲಿ ಕೇಳದೇ ಹೋದ ಮಾತು ಭೂಮಿಯದು. ಸುಮಾರು 4,000 ಎಕರೆ. ಗಂಗಮುತ್ತನಹಳ್ಳಿ, ಅರಿಶಿನಕುಂಟೆ, ಅಣ್ಣೇಶ್ವರದಂಥ ಊರುಗಳ ಹೊಲ, ತೋಟ, ಗೋಮಾಳ. ರಾಗಿ, ಅವರೆ, ಹಿಪ್ಪುನೇರಳೆ, ದ್ರಾಕ್ಷಿ, ಜೊತೆಗೆ ದೇವನಹಳ್ಳಿಯ ಚಕ್ಕೋತ. ಈ ಚಕ್ಕೋತದ ಮರ ನೆಟ್ಟವನಿಗೆ ಅವಸರ ಕೂಡದು. ಫಸಲು ಹಿಡಿಯಲು ವರ್ಷಗಟ್ಟಲೆ ಬೇಕು, ಆಮೇಲೆ ಮಕ್ಕಳ ಕಾಲಕ್ಕೂ ಹಣ್ಣು ಕೊಡುತ್ತದೆ. ಮಗುವಿನ ತಲೆಯಷ್ಟು ದಪ್ಪ, ದಪ್ಪ ಸಿಪ್ಪೆಯ ಕೆಳಗೆ ಹತ್ತಿಯಂಥ ಬಿಳಿ ಪೊರೆ, ಅದನ್ನು ಉಗುರಿನಲ್ಲಿ ಎಳೆದು ಬಿಡಿಸಿದರೆ ನಸುಗೆಂಪು ತೊಳೆ. ಪರಿಹಾರದ ಲೆಕ್ಕದಲ್ಲಿ ಮರಕ್ಕೊಂದು ಬೆಲೆ ಕಟ್ಟುತ್ತಾರೆ, ಮೊಮ್ಮಕ್ಕಳ ಕಾಲದ ಫಸಲಿಗೆ ಕಟ್ಟುವುದಿಲ್ಲ. ಪರಿಹಾರದ ಹಣದಲ್ಲಿ ಬೇರೆ ಕಡೆ ಜಮೀನು ಕೊಂಡು ಉಳಿದುಕೊಂಡವರಿದ್ದಾರೆ. ಮನೆ ಕಟ್ಟಿ, ಮದುವೆ ಮಾಡಿ, ಕಾರು ಕೊಂಡು, ಕೊನೆಗೆ ಅದೇ ಕಾರಿಗೆ ಹಳದಿ ಬೋರ್ಡ್ ಹಾಕಿ ನಿಲ್ದಾಣದ ಮುಂದೆ ಗಿರಾಕಿ ಕಾದವರೂ ಇದ್ದಾರೆ.

ನಿಲ್ದಾಣದಿಂದ ನಗರಕ್ಕೆ ಬಿಎಂಟಿಸಿ ವಾಯು ವಜ್ರ ಬಸ್ಸು ಬಿಟ್ಟಿತು. ಆ ವೋಲ್ವೊ ಬಸ್ಸುಗಳು ತಯಾರಾಗುತ್ತಿದ್ದದ್ದು ಹೊಸಕೋಟೆಯ ಕಾರ್ಖಾನೆಯಲ್ಲಿ. ನಮ್ಮ ಜಿಲ್ಲೆಯ ಒಂದು ತಾಲ್ಲೂಕಿನ ಬಸ್ಸು ಇನ್ನೊಂದು ತಾಲ್ಲೂಕಿನಲ್ಲಿ ಇಳಿದ ಪ್ರಯಾಣಿಕರನ್ನು ಬೆಂಗಳೂರಿಗೆ ಹೊತ್ತಿತು.

ಮಳೆಗಾಲ ಕಷ್ಟದಲ್ಲಿ ಕಳೆಯಿತು. ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಯಿತು. ಹೊಸ ಸರ್ಕಾರಕ್ಕೆ ಆಗ ಹನ್ನೆರಡು ದಿನವೂ ತುಂಬಿರಲಿಲ್ಲ. ಜುಲೈ 25ರ ಶುಕ್ರವಾರ ಬೆಂಗಳೂರಿನಲ್ಲಿ ಸರಣಿ ಸ್ಫೋಟ, ಮರುದಿನ ಅಹಮದಾಬಾದಿನಲ್ಲಿ. ಸೆಪ್ಟೆಂಬರ್ 15ರಂದು ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕು ದಿವಾಳಿ ಎದ್ದಿತು. ಅದರ ಬಿಸಿ ದೇವನಹಳ್ಳಿ ರಸ್ತೆಯ ಲೇಔಟುಗಳಿಗೂ ತಟ್ಟಿತು. ಕಲ್ಲು ನೆಟ್ಟು, ಬೇಲಿ ಹಾಕಿ, ಬಣ್ಣದ ಕಮಾನು ಕಟ್ಟಿದ ಸೈಟುಗಳಲ್ಲಿ ಹುಲ್ಲು ಬೆಳೆಯಿತು. ಅಡ್ವಾನ್ಸ್ ತೆಗೆದುಕೊಂಡು ಉಳುಮೆ ಬಿಟ್ಟಿದ್ದವನ ಗತಿ ಅತ್ತ ರಾಗಿಯೂ ಇಲ್ಲ, ಇತ್ತ ರೊಕ್ಕವೂ ಇಲ್ಲ ಎಂದಾಯಿತು.

ಅಕ್ಟೋಬರ್ 22ರ ಬೆಳಗಿನ ಜಾವ ಶ್ರೀಹರಿಕೋಟಾದಿಂದ ಚಂದ್ರಯಾನ–1 ಹೊರಟಿತು. ನೌಕೆಯನ್ನು ನಿಯಂತ್ರಿಸಿದ ಇಸ್ರೋ ಕೇಂದ್ರ ಇದ್ದದ್ದು ಪೀಣ್ಯದಲ್ಲಿ, ನೆಲಮಂಗಲದ ಹುಡುಗರು ದಿನವೂ ಕೆಲಸಕ್ಕೆ ಹೋಗುವ ಕೈಗಾರಿಕಾ ಬಡಾವಣೆಯಲ್ಲಿ. ನವೆಂಬರ್ 14ರಂದು ನೌಕೆಯಿಂದ ಬೇರ್ಪಟ್ಟ ಪೆಟ್ಟಿಗೆಯೊಂದು ತ್ರಿವರ್ಣದೊಂದಿಗೆ ಚಂದ್ರನ ನೆಲಕ್ಕೆ ಬಿತ್ತು. ಅಲ್ಲಿ ನೀರಿನ ಕುರುಹಿದೆ ಎಂದು ಮರುವರ್ಷ ಗೊತ್ತಾಯಿತು. ಸಾವಿರ ಅಡಿ ಕೊರೆದರೂ ನೀರು ಕಾಣದ ತಾಲ್ಲೂಕುಗಳ ಜನ ಆ ಸುದ್ದಿಯನ್ನು ಎಂಥ ಬೆರಗಿನಿಂದ ಕೇಳಿದ್ದಾರು!

ಅದೇ ಅಕ್ಟೋಬರ್ 31ರಂದು, ರಾಜ್ಯೋತ್ಸವದ ಹಿಂದಿನ ದಿನ, ಕೇಂದ್ರ ಸರ್ಕಾರ ಕನ್ನಡಕ್ಕೂ ತೆಲುಗಿಗೂ ಶಾಸ್ತ್ರೀಯ ಭಾಷೆಯ ಸ್ಥಾನ ಘೋಷಿಸಿತು. ತಮಿಳಿಗೆ 2004ರಲ್ಲೇ ಸಿಕ್ಕಿತ್ತು. ಮದ್ರಾಸ್ ಹೈಕೋರ್ಟಿನಲ್ಲಿದ್ದ ಮೊಕದ್ದಮೆಯ ತೀರ್ಪಿಗೆ ಒಳಪಟ್ಟು ಎಂಬ ಷರತ್ತು ಜೊತೆಗಿತ್ತು, ಆ ಮೊಕದ್ದಮೆ ವಜಾ ಆದದ್ದು 2016ರಲ್ಲಿ. ಪ್ರಾಚೀನತೆಯ ಪ್ರಶ್ನೆ ಬಂದಾಗ ನಾವು ಹಲ್ಮಿಡಿ ಶಾಸನದ ಹೆಸರು ಹೇಳುತ್ತೇವೆ. ಸರಿಯೇ. ಆದರೆ ನೆಲಮಂಗಲ ತಾಲ್ಲೂಕಿನ ಮಣ್ಣೆಗೆ ಎಷ್ಟು ಜನ ಹೋಗಿದ್ದೇವೆ? ಗಂಗರ ಶ್ರೀಪುರುಷ ಎಂಟನೇ ಶತಮಾನದಲ್ಲಿ ಆಳಿದ ಮಾನ್ಯಪುರ ಅದು. ಅಲ್ಲಿನ ಕಪಿಲೇಶ್ವರ ಗುಡಿ ಇವತ್ತಿಗೂ ಹಾಳು ಬಿದ್ದ ಸೊಬಗಿನಲ್ಲಿ ನಿಂತಿದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ಬೌದ್ಧ ಚೈತ್ಯದ ಅವಶೇಷದ ನಡುವೆ ಹರಕೆಯ ಪುಟ್ಟ ಮಣ್ಣಿನ ಸ್ತೂಪಗಳು ರಾಶಿ ರಾಶಿಯಾಗಿ ಸಿಕ್ಕವು. ಇಂಥ ನೆಲದ ಮೇಲೆ ಓಡಾಡುವವರಿಗೆ ಹಳಮೆಯ ಸರ್ಟಿಫಿಕೇಟು ದೆಹಲಿಯಿಂದ ಬಂದಾಗ ಸಂತೋಷವಾಯಿತು, ಆಶ್ಚರ್ಯವಾಗಲಿಲ್ಲ.

ನವೆಂಬರ್ ಮೊದಲ ವಾರ ಕನ್ನಡಿಗರ ಪಾಲಿಗೆ ತುಂಬಿ ಬಂತು. 2ರಂದು ಅನಿಲ್ ಕುಂಬ್ಳೆ ದೆಹಲಿಯಲ್ಲಿ 619 ವಿಕೆಟ್‌ಗಳ ಟೆಸ್ಟ್ ಬದುಕಿಗೆ ವಿದಾಯ ಹೇಳಿದರು. 4ರಂದು ಗದುಗಿನ ಭೀಮಸೇನ ಜೋಶಿಯವರಿಗೆ ಭಾರತರತ್ನ ಪ್ರಕಟವಾಯಿತು.

ಅದೇ ತಿಂಗಳ 26ರ ರಾತ್ರಿ ಮುಂಬೈ ಮೇಲೆ ಭಯೋತ್ಪಾದಕರ ದಾಳಿ. ತಾಜ್ ಹೋಟೆಲಿನ ಕಾರ್ಯಾಚರಣೆಯಲ್ಲಿ 28ರಂದು ಮೇಜರ್ ಸಂದೀಪ್ ಉನ್ನಿಕೃಷ್ಣನ್ ಮಡಿದರು. ವಯಸ್ಸು 31. ಮನೆ ಬೆಂಗಳೂರಿನಲ್ಲಿ, ತಂದೆ ಇಸ್ರೋದ ನಿವೃತ್ತ ಅಧಿಕಾರಿ. ತಿಂಗಳ ನಡುವಿನಲ್ಲಿ ಚಂದ್ರನ ಸುದ್ದಿ ಕೇಳಿದ್ದ ಸಂಸ್ಥೆಯ ಬಳಗಕ್ಕೆ ತಿಂಗಳ ಕೊನೆಗೆ ಈ ಸುದ್ದಿ. ಯಲಹಂಕದಲ್ಲಿ ದೊಡ್ಡಬಳ್ಳಾಪುರ ರಸ್ತೆಯಿಂದ ಒಡೆಯುವ ರಸ್ತೆಗೆ ಈಗ ಅವರ ಹೆಸರಿದೆ. ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ಮಗ್ಗದವರು, ಹೂವಿನವರು, ಕಾಲೇಜಿನ ಮಕ್ಕಳು ದಿನವೂ ಆ ಹೆಸರು ದಾಟಿ ಹೋಗುತ್ತಾರೆ.

ಭೂಮಿಯ ಮಾತನ್ನು ಮುಗಿಸದೆ ಏಳಲಾರೆ. 2008ರ ಅಕ್ಟೋಬರ್ 3ರಂದು ಜಮೀನಿನ ಜಗಳದಿಂದಾಗಿ ಟಾಟಾ ಕಂಪನಿ ಪಶ್ಚಿಮ ಬಂಗಾಳದ ಸಿಂಗೂರು ಬಿಟ್ಟು ಹೊರಟಿತು. ಬೆಳೆಯುವ ಜಮೀನನ್ನು ರೈತ ಒಪ್ಪದೆ ಕಿತ್ತುಕೊಳ್ಳಬಹುದೇ ಎಂದು ಇಡೀ ದೇಶ ಚರ್ಚಿಸಿತು. ಆ ಚರ್ಚೆ ಬೆಳೆದು 1894ರ ಹಳೆಯ ಕಾನೂನು ಹೋಗಿ 2013ರಲ್ಲಿ ಹೊಸ ಭೂಸ್ವಾಧೀನ ಕಾಯ್ದೆ ಬಂತು. ಆದರೂ 2022ರಲ್ಲಿ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಧರಣಿ ಕೂರಬೇಕಾಯಿತು. ಕೈಗಾರಿಕೆಗೆಂದು ಗುರುತಿಸಿದ್ದು 13 ಹಳ್ಳಿಗಳ 1,777 ಎಕರೆ. ಮೂರು ವರ್ಷಕ್ಕೂ ಮಿಕ್ಕಿ ಅವರು ಕದಲಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟೆವೆಂದು ಪ್ರಕಟಿಸಿದರು.

ವಿಮಾನ ನಿಲ್ದಾಣಕ್ಕೆ 2013ರಲ್ಲಿ ಕೆಂಪೇಗೌಡರ ಹೆಸರು ಬಂತು, 2022ರಲ್ಲಿ 108 ಅಡಿಯ ಪ್ರತಿಮೆಯೂ ಬಂತು. ಕೆಂಪೇಗೌಡರ ಹಿರಿಯರು ದೇವನಹಳ್ಳಿಗೆ ಹತ್ತಿರದ ಆವತಿಯವರು, ಹೆಸರು ಸರಿಯಾದ ಜಾಗಕ್ಕೇ ಸೇರಿದೆ. ಇನ್ನೊಂದು ಕೆಲಸ ಆಗಬೇಕೆಂದು ನನ್ನ ಕೋರಿಕೆ. 2008ರ ಆ ನಡುರಾತ್ರಿಗಾಗಿ ಜಮೀನು ಬಿಟ್ಟುಕೊಟ್ಟ ಊರುಗಳ ಹೆಸರನ್ನೆಲ್ಲ, ಒಂದೂ ಬಿಡದೆ, ಬರುವ ಹೋಗುವವರ ಕಣ್ಣಿಗೆ ಬೀಳುವ ಹಾಗೆ ಅಲ್ಲಿ ಕನ್ನಡದಲ್ಲಿ ಕೆತ್ತಿಸಬೇಕು. ಆ ಊರುಗಳ ಹಿರಿಯರು ಇನ್ನೂ ಇದ್ದಾರೆ. ಯಾವ ಹೊಲ ಎಲ್ಲಿತ್ತು, ಯಾವ ಗುಡಿ ಎಲ್ಲಿತ್ತು ಎಂದು ಕೇಳಿದರೆ ಹೇಳುತ್ತಾರೆ. ಈಗಲೇ ಹೋಗಿ ಕೇಳಬೇಕು.