ಕುದುರೆಗೆ ವಂಶಾವಳಿ, ನಾಯಕನಿಗೆ ಮತದಾರ



ರೇಸ್ ಕುದುರೆ ಕೊಳ್ಳುವವರು ಮೊದಲು ಕೇಳುವುದು ಅದರ ತಂದೆ ಯಾವುದು, ತಾಯಿ ಯಾವುದು ಎಂದು. ಆಳುವವರ ವಿಷಯದಲ್ಲೂ ಇದೇ ಪ್ರಶ್ನೆ ಕೇಳುವ ಕಾಲವೊಂದಿತ್ತು. ಬ್ರಿಟನ್ನಿನ ಲಾರ್ಡ್ ರೋಸ್‌ಬರಿ ಆ ಕಾಲದವರು.

1847ರಲ್ಲಿ ಹುಟ್ಟಿದ ಇವರಿಗೆ 1868ರಲ್ಲಿ ತಾತನ ಪದವಿ, ಆಸ್ತಿ ಎರಡೂ ಒಟ್ಟಿಗೆ ಬಂದವು. ಆಗ ಅವರು ಆಕ್ಸ್‌ಫರ್ಡಿನ ವಿದ್ಯಾರ್ಥಿ. ರೇಸ್ ಕುದುರೆ ಸಾಕುವಂತಿಲ್ಲ ಎಂದು ವಿಶ್ವವಿದ್ಯಾಲಯ ಹೇಳಿತು. ರೋಸ್‌ಬರಿ ಬಿಟ್ಟದ್ದು ಕುದುರೆಯನ್ನಲ್ಲ, ಪದವಿ ಪರೀಕ್ಷೆಯನ್ನು! ಆ ಕುದುರೆಯ ಹೆಸರು ಲಾಡಾಸ್. 1869ರ ಡರ್ಬಿಯಲ್ಲಿ ಅದು ಕೊನೆಯದಾಗಿ ಬಂತು.

ಇಪ್ಪತ್ತೈದು ವರ್ಷಗಳ ನಂತರ, 1894ರ ಮಾರ್ಚ್‌ನಲ್ಲಿ ರೋಸ್‌ಬರಿ ಪ್ರಧಾನಿಯಾದರು. ಜೂನ್‌ನಲ್ಲಿ ಅದೇ ಹೆಸರಿನ ಇನ್ನೊಂದು ಕುದುರೆ ಡರ್ಬಿ ಗೆದ್ದಿತು. ಮರುವರ್ಷ ಅವರ ಸರ್ ವಿಸ್ಟೊ ಕೂಡ ಗೆದ್ದಿತು. ಆದರೆ ಜೂಜನ್ನು ಪಾಪವೆಂದು ನಂಬಿದ್ದ ಸ್ವಪಕ್ಷದ ಧರ್ಮಭೀರುಗಳಿಗೆ ಇದು ರುಚಿಸಲಿಲ್ಲ. 1895ರ ಜೂನ್‌ನಲ್ಲೇ ಸರ್ಕಾರ ಬಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ಈ ಪ್ರಧಾನಿ ಸಂಸತ್ತಿನ ಚುನಾವಣೆಗೆ ಒಮ್ಮೆಯೂ ನಿಂತವರಲ್ಲ. ಲಾರ್ಡ್ಸ್ ಸಭೆಯ ಪೀಠ ಅವರಿಗೆ ಹುಟ್ಟಿನಿಂದಲೇ ಬಂದಿತ್ತು.

ನಮ್ಮ ಸೀಮೆಯ ಕಥೆ ಬೇರೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ರಾಜಮನೆತನಕ್ಕೆ ಹತ್ತಿರದ ಅರಸು ಸಮುದಾಯದವರು. ಆದರೂ ಅವರು 1952ರಲ್ಲಿ ಹುಣಸೂರಿನ ಜನರ ಮುಂದೆ ನಿಂತು ಮತ ಕೇಳಿ ವಿಧಾನಸಭೆಗೆ ಹೋದರು. 1972ರಲ್ಲಿ ಮುಖ್ಯಮಂತ್ರಿಯಾಗಿ, ಉಳುವವನಿಗೇ ಭೂಮಿ ಸಿಗುವಂತೆ ಕಾನೂನು ಬಿಗಿಗೊಳಿಸಿದರು.

ಅರಮನೆಯೂ ಮತದಾರನ ಬಾಗಿಲಿಗೆ ಬಂತು. ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ 1984 ಮತ್ತು 1989ರಲ್ಲಿ ಕಾಂಗ್ರೆಸ್ಸಿನಿಂದ ಮೈಸೂರು ಲೋಕಸಭಾ ಕ್ಷೇತ್ರ ಗೆದ್ದರು. 1991ರಲ್ಲಿ ಬಿಜೆಪಿಯಿಂದ ನಿಂತಾಗ ಅವರನ್ನು ಸೋಲಿಸಿದವರು ದೇವರಾಜ ಅರಸರ ಮಗಳು ಚಂದ್ರಪ್ರಭಾ ಅರಸು. ಕಾಂಗ್ರೆಸ್ಸಿಗೆ ಮರಳಿದ ಒಡೆಯರ್ 1996, 1999ರಲ್ಲಿ ಗೆದ್ದರು, 2004ರಲ್ಲಿ ಸೋತರು. 2024ರಲ್ಲಿ ಅದೇ ಮನೆತನದ ಯದುವೀರ್ ಮೈಸೂರು–ಕೊಡಗು ಕ್ಷೇತ್ರದಿಂದ ಆಯ್ಕೆಯಾದರು. ಹುಣಸೂರು, ಪಿರಿಯಾಪಟ್ಟಣ ಈಗ ಅದೇ ಕ್ಷೇತ್ರದಲ್ಲಿವೆ, ಕೆ.ಆರ್. ನಗರ ಮಂಡ್ಯಕ್ಕೆ, ಎಚ್.ಡಿ. ಕೋಟೆ ಚಾಮರಾಜನಗರಕ್ಕೆ ಸೇರಿವೆ.

ದಸರೆಯಲ್ಲಿ ಕೈಮುಗಿಯುವ ಜನರೇ ಚುನಾವಣೆಯಲ್ಲಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬೇರೆ ತೀರ್ಪು ಕೊಡಬಲ್ಲರು. ಇದರಲ್ಲಿ ಅಗೌರವವಿಲ್ಲ. ರೋಸ್‌ಬರಿಗೆ ವೋಟು ಹಾಕುವ ಅವಕಾಶವಾಗಲಿ, ಸೋಲಿಸುವ ಅವಕಾಶವಾಗಲಿ ಅಲ್ಲಿನ ರೈತನಿಗೆ ಸಿಗಲೇ ಇಲ್ಲ. ಇಲ್ಲಿನ ರೈತನಿಗೆ ಎರಡೂ ಸಿಕ್ಕಿವೆ. ಆ ಹಕ್ಕನ್ನು ಅವನು ಬಳಸಿಯೂ ಇದ್ದಾನೆ.